ಅಪೀಲಿನ ತಾರೀಖು ನಿಮಗೆ ತಿಳಿಯುವುದು ಹೇಗೆ? ನೋಟಿಸ್‌ನಿಂದ ಕಾಸ್ ಲಿಸ್ಟ್‌ವರೆಗೆ

ನಾನು ಹನ್ನೆರಡು ವರ್ಷ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದೆ. ಕಚೇರಿ ಬಾಗಿಲು ತೆಗೆಯುವ ಹೊತ್ತಿಗೇ ಫೋನ್ ಬರುತ್ತಿತ್ತು. ‘ಅಣ್ಣಾ, ನಮ್ಮ ಅಪೀಲಿಗೆ ಕೋರ್ಟಿನಿಂದ ಕಾಗದ ಇನ್ನೂ ಬಂದಿಲ್ಲ, ತಾರೀಖು ಯಾವಾಗ?’ ಎಂದು ಕೇಳುತ್ತಿದ್ದರು. ಪಾಪ, ಅವರು ಟಪಾಲಿನವನ ದಾರಿ ಕಾಯುತ್ತಿದ್ದರು. ಆದರೆ ಅಪೀಲು ಹಾಕಿದವರಿಗೆ ಪ್ರತಿ ತಾರೀಖಿಗೂ ಕೋರ್ಟು ಕಾಗದ ಕಳಿಸುವುದಿಲ್ಲ. ಎದುರು ಪಕ್ಷದವರಿಗೆ ಕಳಿಸುತ್ತದೆ, ಅದೂ ಸಾಮಾನ್ಯವಾಗಿ ಮೊದಲ ಸಲ ಮಾತ್ರ. ಆಮೇಲಿನ ತಾರೀಖುಗಳೆಲ್ಲ ಕೋರ್ಟ್ ಹಾಲಿನಲ್ಲಿ, ಕಾಸ್ ಲಿಸ್ಟಿನಲ್ಲಿ (ಆಯಾ ದಿನ ಕೋರ್ಟು ಕೇಳುವ ಕೇಸುಗಳ ಪಟ್ಟಿ), ವಕೀಲರ ಡೈರಿಯಲ್ಲಿ ಇರುತ್ತವೆ. ಇದೊಂದು ಗೊತ್ತಿಲ್ಲದೆ, ಕೆಳ ಕೋರ್ಟಿನಲ್ಲಿ ಗೆದ್ದ ಕೇಸನ್ನು ಅಪೀಲಿನಲ್ಲಿ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು ಹೆಚ್ಚಾಗಿ ಜಮೀನು, ಪಾಲು, ಹಣಕಾಸಿನಂಥ ಸಿವಿಲ್ ಅಪೀಲುಗಳ ಬಗ್ಗೆ. ನಮ್ಮ ಕರ್ನಾಟಕದ ಜಿಲ್ಲಾ ಕೋರ್ಟು ಮತ್ತು ಹೈಕೋರ್ಟಿನಲ್ಲಿ ನಡೆಯುವ ರೀತಿ ಇದು. ಕ್ರಿಮಿನಲ್ ಅಪೀಲಿನ ಬಗ್ಗೆ ಕೊನೆಯ ಕಡೆ ಸ್ವಲ್ಪ ಹೇಳಿದ್ದೇನೆ.

ಯಾವ ಕೋರ್ಟು, ಎಷ್ಟು ದಿನ

ಮೊದಲ ಅಪೀಲು ಎಲ್ಲಿಗೆ ಹೋಗಬೇಕು ಎನ್ನುವುದು ತೀರ್ಪು ಕೊಟ್ಟ ಕೋರ್ಟು ಯಾವುದು, ದಾವೆಯ ಮೌಲ್ಯ ಎಷ್ಟು ಎಂಬುದರ ಮೇಲೆ ನಿಂತಿದೆ. ಇದನ್ನು ವಕೀಲರು ನೋಡಿ ಹೇಳುತ್ತಾರೆ. ನೀವು ನೆನಪಿಡಬೇಕಾದದ್ದು ದಿನಗಳ ಲೆಕ್ಕ. ಸಿವಿಲ್ ಕೇಸಿನಲ್ಲಿ ಹೈಕೋರ್ಟಿಗೆ ಅಪೀಲು ಹಾಕಲು ಡಿಕ್ರಿಯ (ತೀರ್ಪಿನ ಪ್ರಕಾರ ಕೋರ್ಟು ಬರೆಯುವ ವಿಧಿವತ್ತಾದ ಆದೇಶ) ದಿನದಿಂದ 90 ದಿನ, ಬೇರೆ ಕೋರ್ಟಿಗೆ 30 ದಿನ. ತೀರ್ಪು ಮತ್ತು ಡಿಕ್ರಿಯ ಸರ್ಟಿಫೈಡ್ ಕಾಪಿ ಪಡೆಯಲು ಹಿಡಿದ ಸಮಯವನ್ನು ಇದರಲ್ಲಿ ಕಳೆಯುತ್ತಾರೆ. ಹಾಗಾಗಿ ಕಾಪಿ ಅರ್ಜಿ ಹಾಕುವುದನ್ನು ತಡ ಮಾಡಬೇಡಿ, ತೀರ್ಪು ಬಂದ ವಾರದಲ್ಲೇ ಹಾಕಿಬಿಡಿ. ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ ಮತ್ತೆ ತೆರೆದ ದಿನ ಹಾಕಬಹುದು. ಗಡುವು ದಾಟಿದ್ದರೆ ತಡವಾದದ್ದಕ್ಕೆ ಕಾರಣ ಹೇಳಿ ಬೇರೆ ಅರ್ಜಿ ಕೊಡಬೇಕು. ಅದರ ವಿಚಾರಣೆಯೇ ಮೊದಲು ನಡೆಯುತ್ತದೆ.

ಹೈಕೋರ್ಟ್ ಎಂದ ಕೂಡಲೇ ಬೆಂಗಳೂರು ಎಂದುಕೊಳ್ಳಬೇಡಿ. ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠಗಳು ಶುರುವಾದವು, 2013ರಲ್ಲಿ ಕಾಯಂ ಆದವು. ಬೆಳಗಾವಿ, ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ, ಉತ್ತರ ಕನ್ನಡದವರಿಗೆ ಧಾರವಾಡ. ಬೀದರ್, ರಾಯಚೂರು, ಯಾದಗಿರಿ, ವಿಜಯಪುರದವರಿಗೆ ಕಲಬುರಗಿ. ಇಂಟರ್ನೆಟ್ಟಿನಲ್ಲಿ ಕೇಸು ಹುಡುಕುವಾಗಲೂ ಸರಿಯಾದ ಪೀಠ ಆರಿಸಿಕೊಳ್ಳಬೇಕು. ಬೆಂಗಳೂರು ಪೀಠದಲ್ಲಿ ಹುಡುಕಿ ‘ಕೇಸೇ ಇಲ್ಲ’ ಎಂದು ಗಾಬರಿಯಾದವರು ಬೇಕಾದಷ್ಟು ಜನ.

ಫೈಲ್ ಮಾಡಿದ ದಿನದಿಂದ ನಂಬರ್ ಬೀಳುವವರೆಗೆ

ಅಪೀಲು ಕೊಟ್ಟ ಕೂಡಲೇ ತಾರೀಖು ಸಿಗುವುದಿಲ್ಲ. ಮೊದಲು ಫೈಲಿಂಗ್ ನಂಬರ್ ಕೊಡುತ್ತಾರೆ. ಆಮೇಲೆ ಕಚೇರಿಯವರು ಕಾಗದ ತಪಾಸಣೆ ಮಾಡುತ್ತಾರೆ. ಕೋರ್ಟ್ ಫೀ ಸರಿಯಾಗಿದೆಯೇ, ಸರ್ಟಿಫೈಡ್ ಕಾಪಿ ಇದೆಯೇ, ಎಲ್ಲ ಪಕ್ಷಗಾರರ ಹೆಸರು ವಿಳಾಸ ಇದೆಯೇ, ತಡವಾಗಿದ್ದರೆ ಅದರ ಅರ್ಜಿ ಇದೆಯೇ ಎಂದು ನೋಡುತ್ತಾರೆ. ಕೊರತೆ ಕಂಡರೆ ಆಫೀಸ್ ಆಬ್ಜೆಕ್ಷನ್ ಬರೆಯುತ್ತಾರೆ. ಅದನ್ನು ಸರಿಪಡಿಸಿದ ಮೇಲೆ ಅಪೀಲಿನ ನಂಬರ್ ಬೀಳುತ್ತದೆ. ಹೈಕೋರ್ಟಿನಲ್ಲಿ ಮೊದಲ ಅಪೀಲಿಗೆ ಆರ್‌ಎಫ್‌ಎ, ಎರಡನೇ ಅಪೀಲಿಗೆ ಆರ್‌ಎಸ್‌ಎ ಎನ್ನುತ್ತಾರೆ. ಅಪಘಾತ ಪರಿಹಾರದಂಥವು ಎಂಎಫ್‌ಎ.

ಎಷ್ಟೋ ಅಪೀಲುಗಳು ತಿಂಗಳುಗಟ್ಟಲೆ ನಿಲ್ಲುವುದು ಇಲ್ಲೇ. ‘ಅಪೀಲು ಹಾಕಿದ್ದೇವೆ’ ಎಂದು ನೀವು ನೆಮ್ಮದಿಯಾಗಿ ಇರುತ್ತೀರಿ, ಅಲ್ಲಿ ಆಬ್ಜೆಕ್ಷನ್ ಹಾಗೇ ಬಿದ್ದಿರುತ್ತದೆ. ಆದ್ದರಿಂದ ವಕೀಲರನ್ನು ಎರಡು ಪ್ರಶ್ನೆ ಕೇಳಿ. ನಂಬರ್ ಬಿತ್ತಾ? ಸಿಎನ್ಆರ್ ನಂಬರ್ ಏನು? ಈ ಸಿಎನ್ಆರ್ ಎನ್ನುವುದು ಅಕ್ಷರ, ಅಂಕಿ ಸೇರಿ 16 ಇರುವ ಗುರುತು. ಒಂದು ಕೇಸಿಗೆ ಒಂದೇ. ಪಡೆದ ದಿನವೇ ಡೈರಿಯಲ್ಲಿ, ಫೋನಿನಲ್ಲಿ ಎರಡೂ ಕಡೆ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲದಕ್ಕೂ ಇದೇ ಬೇಕು.

ಫೈಲ್ ಮಾಡುವಾಗಲೇ ನಿಮ್ಮ ಮೊಬೈಲ್ ನಂಬರ್, ಇಮೇಲ್ ಕೊಡಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ದುಬೈಯಲ್ಲೋ ಅಮೆರಿಕದಲ್ಲೋ ಇದ್ದು ಊರಿನ ಜಮೀನಿನ ಕೇಸು ನಡೆಸುವವರು ತಮ್ಮ ಪರವಾಗಿ ಓಡಾಡುವ ಅಣ್ಣನದೋ ತಂಗಿಯದೋ ನಂಬರನ್ನೂ ವಕೀಲರಿಗೆ ಬರೆದುಕೊಡಬೇಕು. ಜಿಪಿಎ, ಅಂದರೆ ನಿಮ್ಮ ಪರವಾಗಿ ನಡೆಸುವ ಅಧಿಕಾರಪತ್ರ, ಬರೆದುಕೊಟ್ಟಿದ್ದರೆ ಅದರ ಪ್ರತಿ ಫೈಲಿನಲ್ಲಿರಲಿ.

ಮೊದಲ ಪೋಸ್ಟಿಂಗ್

ನಂಬರ್ ಬಿದ್ದ ಮೇಲೆ ಕೇಸು ಅಡ್ಮಿಷನ್‌ಗೆ (ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳಬೇಕೇ ಎಂದು ನೋಡಲು) ಅಥವಾ ಆರ್ಡರ್ಸ್‌ಗೆ (ಆದೇಶಕ್ಕೆ) ಎಂದು ಬೋರ್ಡಿಗೆ, ಅಂದರೆ ಆ ದಿನದ ಪಟ್ಟಿಗೆ ಬರುತ್ತದೆ. ಹೀಗೆ ಪಟ್ಟಿಗೆ ಹಾಕುವುದನ್ನೇ ಪೋಸ್ಟಿಂಗ್ ಎನ್ನುತ್ತಾರೆ. ಯಾವ ನ್ಯಾಯಾಧೀಶರು ಯಾವ ಬಗೆಯ ಕೇಸು ಕೇಳಬೇಕು ಎನ್ನುವುದನ್ನು ಹೈಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಗಳು ರೋಸ್ಟರಿನಲ್ಲಿ ಗೊತ್ತು ಮಾಡುತ್ತಾರೆ. ರೋಸ್ಟರ್ ಬದಲಾದರೆ ನಿಮ್ಮ ಕೇಸು ಬೇರೆ ಹಾಲಿಗೆ ಹೋಗುತ್ತದೆ. ಅದರಿಂದ ಹೆದರಬೇಕಿಲ್ಲ.

ಈ ಹಂತದಲ್ಲಿ ಅಪೀಲುದಾರರ ವಕೀಲರ ಮಾತು ಮಾತ್ರ ಕೇಳಿ, ಎದುರುದಾರರಿಗೆ ನೋಟಿಸ್ ಕೊಡದೆಯೇ ಅಪೀಲನ್ನು ವಜಾ ಮಾಡುವ ಅಧಿಕಾರ ಕೋರ್ಟಿಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 11ನೇ ನಿಯಮ ಇದು. ಎರಡನೇ ಅಪೀಲಿನಲ್ಲಿ ಅಡ್ಮಿಷನ್ ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಕಾನೂನಿನ ಮಹತ್ವದ ಪ್ರಶ್ನೆಯೊಂದು ಇದೆ ಎಂದು ತೋರಿಸಿದರೆ ಮಾತ್ರ ಕೇಸು ಒಳಗೆ ಹೋಗುತ್ತದೆ. ಹಾಗಾಗಿ ‘ಮೊದಲ ತಾರೀಖು ತಾನೇ, ಹೋಗದಿದ್ದರೂ ನಡೆಯುತ್ತೆ’ ಎಂದು ಬಿಡಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಅಪೀಲು ಹಾಕಿದ ಮಾತ್ರಕ್ಕೆ ಕೆಳ ಕೋರ್ಟಿನ ತೀರ್ಪು ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆ ಐಎ (ಮಧ್ಯಂತರ ಅರ್ಜಿ) ಹಾಕಬೇಕು, ಅದಕ್ಕೆ ಆದೇಶ ಆಗಬೇಕು. ಎದುರಿನವರು ಡಿಕ್ರಿ ಜಾರಿಗೆ ಹೊರಟಿದ್ದಾರೆ ಎಂದಾದರೆ ಬೇಗ ಪೋಸ್ಟಿಂಗ್ ಕೊಡಿ ಎಂದು ವಕೀಲರು ಮೆಮೊ ಹಾಕಬಹುದು, ಕೋರ್ಟಿನ ಮುಂದೆ ಮೆನ್ಷನ್ ಮಾಡಬಹುದು, ಅಂದರೆ ಬಾಯಿಮಾತಿನಲ್ಲಿ ಕೇಳಿಕೊಳ್ಳಬಹುದು. ಹಿರಿಯ ನಾಗರಿಕರಾಗಿದ್ದರೆ ಅಥವಾ ಗಂಭೀರ ಕಾಯಿಲೆ ಇದ್ದರೆ ಅದರ ದಾಖಲೆ ಸೇರಿಸಿ ಕೇಳಿಕೊಳ್ಳಿ. ಬೇಸಿಗೆ ರಜೆ, ದಸರಾ ರಜೆ, ವರ್ಷದ ಕೊನೆಯ ರಜೆಗಳಲ್ಲಿ ರಜಾ ಪೀಠ ತುರ್ತು ವಿಷಯ ಮಾತ್ರ ಕೇಳುತ್ತದೆ. ಆ ದಿನಗಳನ್ನು ಮೊದಲೇ ನೋಡಿಕೊಂಡಿರಿ.

ನೋಟಿಸ್ ಹೊರಡುವುದು, ತಲುಪುವುದು

ಕೋರ್ಟು ‘ನೋಟಿಸ್ ಕೊಡಿ’ ಎಂದಿತು ಎಂದಿಟ್ಟುಕೊಳ್ಳಿ. ನೋಟಿಸ್ ತಾನಾಗಿ ಹೊರಡುವುದಿಲ್ಲ. ಅಪೀಲುದಾರರು ಪ್ರೋಸೆಸ್ ಫೀ ಕಟ್ಟಬೇಕು. ವಕೀಲರ ಭಾಷೆಯಲ್ಲಿ ಅದೇ ‘ಪಿಎಫ್’. ಅದರ ಜೊತೆ ಅಪೀಲಿನ ಪ್ರತಿಗಳು, ಸರಿಯಾದ ವಿಳಾಸ, ಅಂಚೆ ಲಕೋಟೆ ಎಲ್ಲ ಕೊಡಬೇಕು. ಎಂಟು ಎದುರುದಾರರಿದ್ದರೆ ಎಂಟು ಸೆಟ್ ಬೇಕು. ಹೇಳಿದ ದಿನದೊಳಗೆ ಪಿಎಫ್ ಕಟ್ಟದಿದ್ದರೆ ಆ ಎದುರುದಾರರ ಮಟ್ಟಿಗೆ ಅಪೀಲು ವಜಾ ಆಗುವ ಅಪಾಯವಿದೆ. ಪಾಲಿನ ಕೇಸಿನಲ್ಲಿ ಒಬ್ಬರ ಮೇಲೆ ವಜಾ ಆದರೂ ಇಡೀ ಅಪೀಲಿಗೇ ತೊಂದರೆ ಬರಬಹುದು. ನಾನು ಗುಮಾಸ್ತನಾಗಿದ್ದಾಗ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದದ್ದು ಪಿಎಫ್ ಕಟ್ಟುವ ದಿನವನ್ನು ಮಾತ್ರ.

ನೋಟಿಸ್ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು, ಕೋರ್ಟಿನ ಅಮೀನರು ಮನೆಗೆ ತಂದುಕೊಡುತ್ತಾರೆ. ಇನ್ನೊಂದು, ಅಂಚೆಯಲ್ಲಿ ಬರುತ್ತದೆ. ಬೇಗ ಆಗಬೇಕಿದ್ದರೆ ಕೋರ್ಟಿನ ಅನುಮತಿ ಪಡೆದು ಹ್ಯಾಂಡ್ ಸಮನ್ಸ್ ಎಂದು ಅಪೀಲುದಾರರೇ ಕೈಯಾರೆ ತಲುಪಿಸುವುದೂ ಉಂಟು. ಕೆಳ ಕೋರ್ಟಿನಲ್ಲಿ ಎದುರುದಾರರ ಪರ ಇದ್ದ ವಕೀಲರಿಗೆ ನೋಟಿಸ್ ಕೊಡಲೂ ಕಾನೂನಿನಲ್ಲಿ ಅವಕಾಶವಿದೆ. ಆದ್ದರಿಂದ ಕೇಸು ಗೆದ್ದ ಮೇಲೂ ಹಳೆಯ ವಕೀಲರ ಸಂಪರ್ಕ ಬಿಡಬೇಡಿ.

ಈಗ ಮುಖ್ಯವಾದದ್ದು. ನಿಮ್ಮ ಕೈಗೇ ಬಂದರೆ ಮಾತ್ರ ನೋಟಿಸ್ ತಲುಪಿದಂತೆ ಎಂದು ತಿಳಿಯಬೇಡಿ. ನೀವು ಮನೆಯಲ್ಲಿ ಇಲ್ಲ, ಸದ್ಯಕ್ಕೆ ಬರುವ ಸೂಚನೆಯೂ ಇಲ್ಲ ಎಂದಾದರೆ ನಿಮ್ಮ ಜೊತೆ ವಾಸವಿರುವ ಕುಟುಂಬದ ವಯಸ್ಕರು, ಗಂಡಾಗಲಿ ಹೆಣ್ಣಾಗಲಿ, ಸಹಿ ಮಾಡಿ ತೆಗೆದುಕೊಂಡರೆ ನಿಮಗೆ ತಲುಪಿದಂತೆಯೇ. ಕೆಲಸದಾಳು ತೆಗೆದುಕೊಂಡರೆ ಲೆಕ್ಕಕ್ಕಿಲ್ಲ. ತೆಗೆದುಕೊಳ್ಳುವುದಿಲ್ಲ ಎಂದು ವಾಪಸ್ ಕಳಿಸಿದರೆ, ತಲುಪಿದೆ ಎಂದೇ ಕೋರ್ಟು ಘೋಷಿಸಬಹುದು. ಎಷ್ಟು ಹುಡುಕಿದರೂ ಆಳು ಸಿಗದಿದ್ದರೆ ಅಮೀನರು ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ಅದೂ ಆಗದಿದ್ದರೆ ಕೋರ್ಟಿನ ಅನುಮತಿ ಪಡೆದು, ನೀವು ಕೊನೆಗೆ ವಾಸವಿದ್ದ ಕಡೆ ಓದುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಆಮೇಲೆ ‘ನಾನು ಪೇಪರ್ ಓದಿಲ್ಲ’ ಎಂದರೆ ಅಷ್ಟರಿಂದಲೇ ಕೋರ್ಟು ಒಪ್ಪುವುದಿಲ್ಲ.

ನಮ್ಮ ಸೋದರಮಾವನಿಗೆ ಆದದ್ದು ಇದೇ. ಹಾವೇರಿ ಕಡೆಯ ಹಳ್ಳಿ, ಕೂಡು ಕುಟುಂಬ. ಪಾಲಿನ ಕೇಸು ಗೆದ್ದು ಮಾವ ಪುಣೆಯಲ್ಲಿ ಮಗಳ ಮನೆಗೆ ಹೋಗಿದ್ದರು. ಅಪೀಲಿನ ನೋಟಿಸ್ ಬಂದಾಗ ಮನೆಯಲ್ಲಿದ್ದ ಅಣ್ಣನ ಮಗ ಸಹಿ ಮಾಡಿ ತೆಗೆದುಕೊಂಡ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಮರೆತ. ಐದು ತಿಂಗಳ ಮೇಲೆ ಎದುರಿನವರು ಹೊಲಕ್ಕೆ ಬಂದು ನಿಂತಾಗಲೇ ಮಾವನಿಗೆ ಗೊತ್ತಾದದ್ದು, ಅಪೀಲು ಅವರಿಲ್ಲದೆಯೇ ನಡೆದು ತೀರ್ಪೂ ಆಗಿದೆ ಎಂದು. ಅಣ್ಣನ ಮಗ ಕೆಟ್ಟವನಲ್ಲ. ಆ ಕಾಗದ ಏನು ಎಂದು ಅವನಿಗೆ ಗೊತ್ತಿರಲಿಲ್ಲ ಅಷ್ಟೇ. ಮನೆಯಲ್ಲಿ ಯಾರೇ ಕೋರ್ಟಿನ ಕಾಗದಕ್ಕೆ ಸಹಿ ಮಾಡಿದರೂ ಅವತ್ತೇ ಫೋಟೊ ತೆಗೆದು ಕಳಿಸಬೇಕು ಎಂದು ಎಲ್ಲರಿಗೂ ಹೇಳಿಡಿ.

ಅಪೀಲುದಾರರು ನೋಡಬೇಕಾದದ್ದು ಲಕೋಟೆ ವಾಪಸ್ ಬಂದಾಗ ಅದರ ಮೇಲಿರುವ ಷರಾ. ‘ಡೋರ್ ಲಾಕ್’ ಎಂದಿದ್ದರೆ ಮತ್ತೆ ನೋಟಿಸ್ ಕೇಳಬೇಕು. ‘ಲೆಫ್ಟ್’ ಎಂದಿದ್ದರೆ ಹೊಸ ವಿಳಾಸ ಹುಡುಕಬೇಕು. ‘ಮೃತಪಟ್ಟಿದ್ದಾರೆ’ ಎಂದಿದ್ದರೆ ಸುಮ್ನೆ ಕೂರಲೇಬಾರದು. ಸತ್ತ ದಿನದಿಂದ 90 ದಿನದೊಳಗೆ ಅವರ ವಾರಸುದಾರರನ್ನು ಸೇರಿಸಲು ಅರ್ಜಿ ಕೊಡಬೇಕು. ಇಲ್ಲದಿದ್ದರೆ ಅವರ ಮಟ್ಟಿಗೆ ಅಪೀಲು ತಾನಾಗಿಯೇ ಬಿದ್ದುಹೋಗುತ್ತದೆ. ಆಮೇಲೆ ಅದನ್ನು ಎಬ್ಬಿಸಲು ಇನ್ನೊಂದು 60 ದಿನದ ಗಡುವಿದೆ. ಅದೂ ದಾಟಿದರೆ ತಡ ಮನ್ನಿಸುವ ಅರ್ಜಿ ಬೇರೆ. ಊರಲ್ಲಿ ಎದುರು ಪಕ್ಷದವರು ತೀರಿಕೊಂಡದ್ದು ಗೊತ್ತಾದರೆ ಸೂತಕ ಕಳೆಯುವ ಮೊದಲೇ ವಕೀಲರಿಗೊಂದು ಫೋನ್ ಮಾಡಿ.

ನೀವು ಗೆದ್ದವರಾದರೆ: ಕೇವಿಯಟ್

ಎದುರಿನವರು ಅಪೀಲಿಗೆ ಹೋಗುತ್ತಾರೆ ಎಂಬ ಅನುಮಾನವಿದ್ದರೆ ನೋಟಿಸ್ ಬರಲಿ ಎಂದು ಕಾಯಬೇಡಿ. ಅಪೀಲು ಕೋರ್ಟಿನಲ್ಲಿ ಕೇವಿಯಟ್ ಹಾಕಿ. ಅದರ ಪ್ರತಿಯನ್ನು ಎದುರಿನವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಕೇವಿಯಟ್ ಇದ್ದರೆ ನಿಮಗೆ ತಿಳಿಸದೆ ತಡೆಯಾಜ್ಞೆ ಅರ್ಜಿ ಮೇಲೆ ಆದೇಶ ಆಗುವುದಿಲ್ಲ. ಇದು 90 ದಿನ ಜೀವಂತ. ಮುಗಿಯುವ ಮೊದಲೇ ಹೊಸದು ಹಾಕಿ. ಅಪೀಲುಗಳು ಕೊನೆಯ ವಾರದಲ್ಲಿ ಬರುವುದೇ ಜಾಸ್ತಿ.

ನೋಟಿಸ್ ಕೈಗೆ ಬಂದ ಮೇಲೆ

ಲಕೋಟೆ ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯೇ ನಿಮಗೆ ಯಾವತ್ತು ತಲುಪಿತು ಎಂಬುದಕ್ಕೆ ಸಾಕ್ಷಿ. ಅಪೀಲಿನ ನಂಬರ್, ಕೋರ್ಟು, ಪೀಠ, ಹಾಜರಾಗಬೇಕಾದ ತಾರೀಖು ಓದಿಕೊಳ್ಳಿ. ಕೆಲವು ನೋಟಿಸಿನಲ್ಲಿ ತಾರೀಖು ಇರುತ್ತದೆ, ಕೆಲವದರಲ್ಲಿ ಇಷ್ಟು ದಿನದೊಳಗೆ ಹಾಜರಾಗಿ ಎಂದಿರುತ್ತದೆ. ಎರಡಕ್ಕೂ ಉತ್ತರ ಒಂದೇ, ವಕೀಲರ ಮೂಲಕ ವಕಾಲತ್ತು ಹಾಕುವುದು. ವಕಾಲತ್ತು ಬಿದ್ದರೆ ನಿಮ್ಮ ವಕೀಲರ ಹೆಸರು ಕಾಸ್ ಲಿಸ್ಟಿನಲ್ಲಿ ಕಾಣುತ್ತದೆ. ಒಮ್ಮೆ ಕಣ್ಣಾರೆ ನೋಡಿಕೊಳ್ಳಿ.

ಕೆಳ ಕೋರ್ಟಿನಲ್ಲಿ ಅರ್ಧ ಗೆದ್ದು ಅರ್ಧ ಸೋತವರು ಒಂದು ಗಡುವನ್ನು ಮರೆಯಬಾರದು. ಎದುರಿನವರ ಅಪೀಲಿನಲ್ಲೇ ನೀವು ಕ್ರಾಸ್ ಆಬ್ಜೆಕ್ಷನ್ ಹಾಕಿ ನಿಮ್ಮ ಸೋತ ಭಾಗವನ್ನೂ ಪ್ರಶ್ನಿಸಬಹುದು. ಅದಕ್ಕೆ ವಿಚಾರಣೆ ದಿನದ ನೋಟಿಸ್ ತಲುಪಿದ ದಿನದಿಂದ ಒಂದು ತಿಂಗಳು. ಕೋರ್ಟು ಮನಸ್ಸು ಮಾಡಿದರೆ ಹೆಚ್ಚು ಸಮಯ ಕೊಡಬಹುದು, ಆದರೆ ಅದನ್ನು ನಂಬಿ ಕೂರಬಾರದು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಾಲೂಕು, ಜಿಲ್ಲೆ, ಹೈಕೋರ್ಟು ಮೂರೂ ಕಡೆ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿ ಇರುವವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಕೇಳಬಹುದು.

ವಾಟ್ಸಾಪಿನಲ್ಲಿ ‘ಕೋರ್ಟ್ ನೋಟಿಸ್’ ಎಂದು ಬಂದರೆ ಮೊದಲು ಅದರ ಕೇಸ್ ನಂಬರನ್ನು ಹೈಕೋರ್ಟಿನ ಜಾಲತಾಣದಲ್ಲೋ ಇ-ಕೋರ್ಟ್ಸ್ ಆ್ಯಪಿನಲ್ಲೋ ಹುಡುಕಿ ನೋಡಿ. ಹಣ ಕಟ್ಟಿ ಎಂದು ಫೋನಿನಲ್ಲಿ ಕೇಳಿದರೆ ಅದು ಮೋಸ.

ಮುಂದಿನ ತಾರೀಖು ನೋಡುತ್ತಿರುವುದು

ಜಿಲ್ಲಾ ಕೋರ್ಟಿನಲ್ಲಿ ಪ್ರತಿ ಸಲ ಮುಂದಿನ ತಾರೀಖು ಹೇಳಿಯೇ ಕೇಸು ಮುಂದಕ್ಕೆ ಹಾಕುತ್ತಾರೆ. ಕೇಸು ಕರೆದಾಗ ನೀವೋ ವಕೀಲರೋ ಅಲ್ಲಿದ್ದರೆ ಸಾಕು. ಹೈಕೋರ್ಟು ಹಾಗಲ್ಲ. ‘ನಾಲ್ಕು ವಾರದ ನಂತರ ಪೋಸ್ಟ್ ಮಾಡಿ’ ಎಂದು ಆದೇಶವಾಗುತ್ತದೆ. ಅದು ಸರಿಯಾಗಿ ಐದನೇ ವಾರಕ್ಕೆ ಬರುತ್ತದೆ ಎಂಬ ಭರವಸೆ ಇಲ್ಲ. ಅಡ್ಮಿಟ್ ಆದ ಮೇಲಂತೂ ಕೆಳ ಕೋರ್ಟಿನ ಕಡತ ತರಿಸಿಕೊಂಡು ಕೇಸು ಸರದಿಯಲ್ಲಿ ನಿಲ್ಲುತ್ತದೆ. ಹಳೆಯ ಕೇಸುಗಳು ಮುಂದೆ, ಹೊಸವು ಹಿಂದೆ. ವರ್ಷಗಟ್ಟಲೆ ಸದ್ದೇ ಇಲ್ಲದೆ ಇದ್ದು, ಒಂದು ಸಂಜೆ ಇದ್ದಕ್ಕಿದ್ದಂತೆ ನಾಳೆಯ ಹಿಯರಿಂಗ್ ಲಿಸ್ಟಿನಲ್ಲಿ ಕಾಣಿಸಿಕೊಳ್ಳಬಹುದು. ಜನ ಮೋಸ ಹೋಗುವುದು ಈ ಮೌನದ ವರ್ಷಗಳಲ್ಲೇ. ವಕೀಲರು ವಯಸ್ಸಾಗಿ ಕೆಲಸ ಬಿಟ್ಟಿರುತ್ತಾರೆ ಅಥವಾ ತೀರಿಕೊಂಡಿರುತ್ತಾರೆ. ನೀವು ಮನೆ ಬದಲಿಸಿರುತ್ತೀರಿ, ಸಿಮ್ ಬದಲಿಸಿರುತ್ತೀರಿ. ಕೇಸು ಮಾತ್ರ ಅಲ್ಲೇ ಇರುತ್ತದೆ.

ನಾನು ಹೇಳುವ ಅಭ್ಯಾಸ ಸರಳ. ಇ-ಕೋರ್ಟ್ಸ್ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಜಿಲ್ಲಾ ಕೋರ್ಟು, ಹೈಕೋರ್ಟು ಎರಡೂ ಇವೆ. ಸಿಎನ್ಆರ್ ಹಾಕಿ ಕೇಸನ್ನು ಉಳಿಸಿಕೊಂಡರೆ ಮತ್ತೆ ಮತ್ತೆ ಹುಡುಕಬೇಕಿಲ್ಲ. ಸಿಎನ್ಆರ್ ಇಲ್ಲದಿದ್ದರೆ ಪಕ್ಷಗಾರರ ಹೆಸರು ಹಾಕಿ ಹುಡುಕಬಹುದು. ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಎರಡು ಮೂರು ರೀತಿ ಹಾಕಿ ನೋಡಿ, ಬಸಪ್ಪ ಎನ್ನುವುದನ್ನೇ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಪ್ರತಿ ಭಾನುವಾರ ಸಂಜೆ ಒಮ್ಮೆ ತೆರೆದು ನೋಡಿ. ತಾರೀಖು ಹತ್ತಿರವಿದೆ ಎಂದಾದರೆ ಹಿಂದಿನ ದಿನ ಸಂಜೆ ಹೈಕೋರ್ಟಿನ ಜಾಲತಾಣದಲ್ಲಿ ಕಾಸ್ ಲಿಸ್ಟ್ ನೋಡಿ. ಆ್ಯಪಿನಲ್ಲಿ ಕಾಣುವ ತಾರೀಖು ಅಂದಾಜಿನದಿರಬಹುದು, ಕಾಸ್ ಲಿಸ್ಟಿನಲ್ಲಿ ಇದ್ದರೆ ಮಾತ್ರ ನಾಳೆ ಕೇಸು ಇದೆ ಎಂದರ್ಥ. ಮುಖ್ಯ ಪಟ್ಟಿಯಲ್ಲಿ ಇಲ್ಲದಿದ್ದರೆ ಸಪ್ಲಿಮೆಂಟರಿ ಪಟ್ಟಿಯನ್ನೂ ನೋಡಿ. ಎಸ್‌ಎಂಎಸ್ ಬಂದರೆ ಒಳ್ಳೆಯದು, ಬರಲಿಲ್ಲ ಎಂದರೆ ತಾರೀಖು ಇಲ್ಲ ಎಂದಲ್ಲ.

ಪಟ್ಟಿಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಕೋರ್ಟ್ ಹಾಲ್ ನಂಬರ್, ಐಟಂ ನಂಬರ್, ಕೇಸು ಯಾತಕ್ಕೆ ಬಂದಿದೆ ಎನ್ನುವುದು. ಅಡ್ಮಿಷನ್, ಆರ್ಡರ್ಸ್, ಹಿಯರಿಂಗ್ ಇವು ಬೇರೆ ಬೇರೆ. ಆರ್ಡರ್ಸ್‌ಗೆ ಬಂದ ದಿನ ಊರಿಂದ ಬಸ್ಸು ಹಿಡಿದು ಬರುವ ಅಗತ್ಯ ಬಹುತೇಕ ಇರುವುದಿಲ್ಲ, ವಕೀಲರು ಸಾಕು. ಹಿಯರಿಂಗ್ ದಿನ ಬರಬೇಕು ಅನ್ನಿಸಿದರೆ ಗುರುತಿನ ಚೀಟಿ ಇಟ್ಟುಕೊಂಡು ಬನ್ನಿ, ಗೇಟಿನಲ್ಲಿ ಪಾಸು ಮಾಡಿಸಬೇಕು. ಹೈಕೋರ್ಟು ಬೆಳಗ್ಗೆ 10.30ಕ್ಕೆ ಶುರು. ನಿಮ್ಮದು ಎಪ್ಪತ್ತನೇ ಐಟಂ ಆಗಿದ್ದರೆ ಸಂಜೆಯವರೆಗೂ ಕರೆಯದೇ ಇರಬಹುದು. ಯಾವ ಹಾಲಿನಲ್ಲಿ ಯಾವ ಐಟಂ ನಡೆಯುತ್ತಿದೆ ಎಂದು ಡಿಸ್‌ಪ್ಲೇ ಬೋರ್ಡ್ ತೋರಿಸುತ್ತದೆ, ಅದನ್ನು ಫೋನಿನಲ್ಲೂ ನೋಡಬಹುದು.

ವಿಳಾಸ ಬದಲಾದರೆ ವಕೀಲರ ಮೂಲಕ ಕೋರ್ಟಿಗೆ ಮೆಮೊ ಕೊಡಿ. ದಾಖಲೆಯಲ್ಲಿರುವ ವಿಳಾಸಕ್ಕೆ ಕಳಿಸಿದರೆ ಕೋರ್ಟು ತನ್ನ ಕೆಲಸ ಮಾಡಿದಂತೆ.

ತಾರೀಖು ತಪ್ಪಿಹೋದರೆ

ಅಪೀಲುದಾರರ ಕಡೆಯವರು ಯಾರೂ ಹಾಜರಿಲ್ಲದಿದ್ದರೆ ಅಪೀಲನ್ನು ಗೈರುಹಾಜರಿಗೆ ವಜಾ ಮಾಡಬಹುದು. ಆದರೆ ಅವರಿಲ್ಲದಾಗ ಕೇಸಿನ ಒಳಹೊಕ್ಕು ‘ಇದರಲ್ಲಿ ಹುರುಳಿಲ್ಲ’ ಎಂದು ವಜಾ ಮಾಡುವಂತಿಲ್ಲ. ಹಾಗಾಗಿ ಮತ್ತೆ ಸೇರಿಸಿಕೊಳ್ಳಲು ಬಾಗಿಲು ತೆರೆದಿರುತ್ತದೆ. ವಜಾ ಆದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಎದುರುದಾರರು ಹಾಜರಿಲ್ಲದಿದ್ದರೆ ಏಕಪಕ್ಷೀಯವಾಗಿ ಅಪೀಲು ನಡೆದು ತೀರ್ಪು ಬರುತ್ತದೆ. ಅವರೂ 30 ದಿನದೊಳಗೆ ಮರುವಿಚಾರಣೆ ಕೇಳಬಹುದು. ನೋಟಿಸ್ ಸರಿಯಾಗಿ ತಲುಪಿಯೇ ಇರದಿದ್ದರೆ ಗೊತ್ತಾದ ದಿನದಿಂದ ಲೆಕ್ಕ. ನಮ್ಮ ಮಾವನ ಕೇಸಿನಲ್ಲಿ ಅಣ್ಣನ ಮಗನ ಸಹಿ ಇತ್ತಲ್ಲ, ತಲುಪಿಲ್ಲ ಎನ್ನುವಂತಿರಲಿಲ್ಲ. ತಡವಾದದ್ದಕ್ಕೆ ಬೇರೆ ಅರ್ಜಿ, ಪುಣೆಯಲ್ಲಿದ್ದದ್ದಕ್ಕೆ ದಾಖಲೆ, ಪ್ರಮಾಣಪತ್ರ ಎಲ್ಲ ಕೊಟ್ಟ ಮೇಲೆ ಖರ್ಚು ಹಾಕಿ ಒಪ್ಪಿದರು. ಅದಕ್ಕೇ ಒಂದೂವರೆ ವರ್ಷ ಹೋಯಿತು.

ಕ್ರಿಮಿನಲ್ ಅಪೀಲಾದರೆ

ಇಲ್ಲಿ ಗಡುವು ಬೇರೆ. ಶಿಕ್ಷೆಯ ಮೇಲೆ ಸಾಮಾನ್ಯವಾಗಿ ಹೈಕೋರ್ಟಿಗೆ 60 ದಿನ, ಸೆಷನ್ಸ್ ಕೋರ್ಟಿಗೆ 30 ದಿನ. ಸರ್ಕಾರದ ಪರ ನೋಟಿಸನ್ನು ಸರ್ಕಾರಿ ವಕೀಲರು ತೆಗೆದುಕೊಳ್ಳುತ್ತಾರೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸಿನಲ್ಲಿ ನೊಂದವರಿಗೂ ಸರಿಯಾದ ಸಮಯಕ್ಕೆ ತಿಳಿಸಲೇಬೇಕು, ಅವರ ಮಾತು ಕೇಳಲೇಬೇಕು. ವಕೀಲರು ಬರಲಿಲ್ಲ ಎಂಬ ಕಾರಣಕ್ಕೇ ಕ್ರಿಮಿನಲ್ ಅಪೀಲನ್ನು ವಜಾ ಮಾಡುವಂತಿಲ್ಲ, ದಾಖಲೆ ನೋಡಿಯೇ ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಆದರೆ ಶಿಕ್ಷೆ ಅಮಾನತಾಗಿ ಜಾಮೀನಿನ ಮೇಲೆ ಹೊರಗಿರುವವರು ಕರೆದಾಗ ಹಾಜರಾಗದಿದ್ದರೆ ವಾರೆಂಟ್ ಬರುತ್ತದೆ. ಜಾಮೀನುದಾರರಿಗೂ ತಾರೀಖು ತಿಳಿಸುತ್ತಿರಿ.

ವಾದ ಮುಗಿದ ಮೇಲೆ

ವಾದ ಮುಗಿದ ದಿನವೇ ತೀರ್ಪು ಬರಬಹುದು, ಇಲ್ಲವೇ ಕಾಯ್ದಿರಿಸಬಹುದು. ಕಾಯ್ದಿರಿಸಿದರೆ ತೀರ್ಪಿನ ದಿನ ಕೇಸು ಮತ್ತೆ ಕಾಸ್ ಲಿಸ್ಟಿಗೆ ಬರುತ್ತದೆ, ಮನೆಗೆ ಕಾಗದ ಬರುವುದಿಲ್ಲ. ಹಾಗಾಗಿ ವಾದ ಮುಗಿಯಿತು ಎಂದು ನೋಡುವುದನ್ನು ನಿಲ್ಲಿಸಬೇಡಿ. ಜಿಲ್ಲಾ ಕೋರ್ಟಿನ ಅಪೀಲು ತೀರ್ಪಿನ ಮೇಲೆ ಹೈಕೋರ್ಟಿಗೆ ಎರಡನೇ ಅಪೀಲು ಹಾಕಲು ಮತ್ತೆ 90 ದಿನ. ಹೈಕೋರ್ಟಿನ ತೀರ್ಪಿನ ಮೇಲೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕುವುದಕ್ಕೂ 90 ದಿನ. ಗೆದ್ದಿದ್ದರೂ ಸೋತಿದ್ದರೂ ತೀರ್ಪು ಬಂದ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಟ್ಟು, ಅದರ ರಸೀದಿಯನ್ನು ಫೈಲಿಗೆ ಸೇರಿಸಿಡಿ.